ಬಳೆಯೊಳಗಿನ ಕಪ್ಪು

೨೧ ಸೆಪ್ಟೆಂಬರ್ ೧೯೮೬

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ (ಸಮಸ್ತರು ಯಾರೂ ಇದನ್ನು ಓದತಕ್ಕದ್ದಲ್ಲ), ಹೊಸನಗರದ ನಿವೃತ್ತ ಮಾಸ್ತರರ ಕಿರಿಯ ಮಗಳೂ ತೀರ್ಥಹಳ್ಳಿಯ ಫೋಟೋ ಸ್ಟುಡಿಯೋ ಮನೆಯ ಏಕೈಕ ಸೊಸೆಯೂ ಆದ ಸರೋಜ ಎಂಬ ನಾನು ಐದನೆಯ ತಿಂಗಳಿನಲ್ಲಿ ಈ ದಿನಚರಿಯನ್ನು ಉದ್ಘಾಟಿಸಿದ್ದೇನೆ. ಟೇಪು ಕತ್ತರಿಸಲು ಗಣ್ಯರು ಸಿಗಲಿಲ್ಲ. ಒಳಗೆ ಬಿಡಾರ ಹೂಡಿರುವವರಿಗೆ ಮಹಾಸ್ವಾಮಿಗಳು ಎಂಬ ಬಿರುದನ್ನು ದಯಪಾಲಿಸಲಾಗಿದೆ. ಅವರು ಮೊನ್ನೆ ಮೊದಲ ಬಾರಿ ಒದ್ದು ತಮ್ಮ ಇರವನ್ನು ಪ್ರಕಟಿಸಿದರು.

ಗಂಡನ ಹೆಸರನ್ನು ಬಾಯಿಂದ ಹೇಳಬಾರದೆಂದು ಅತ್ತೆ ದುಗ್ಗಮ್ಮನವರ ಕಟ್ಟಪ್ಪಣೆ. ಬರೆಯಬಾರದೆಂದು ಹೇಳಿಲ್ಲ. ಆದ್ದರಿಂದ: ಹೂವಪ್ಪ, ಹೂವಪ್ಪ, ಹೂವಪ್ಪ. ಮನಸ್ಸು ಹಗುರಾಯಿತು.

ವಿಷಯ ಇಷ್ಟು. ಇಲ್ಲಿನ ಹೆರಿಗೆ ಡಾಕ್ಟರಮ್ಮ ನನ್ನನ್ನು ಪರೀಕ್ಷೆ ಮಾಡುವಾಗ, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ತೊಂದರೆ ಇದೆಯೇ ಎಂದು ಕೇಳಿದರು. ಇದೆ ಎಂದೆ. ಹೂವಪ್ಪನವರ ಅಕ್ಕ ಜಲಜತ್ತಿಗೆಗೆ ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ ಇತ್ತು. ಐದು ವರ್ಷವಾದಾಗ ಸಾಗರದ ಕಣ್ಣಿನ ಶಿಬಿರದಲ್ಲಿ ತೆಗೆಸಿದರಂತೆ. ಪೊರೆ ಹೋಯಿತು, ದೃಷ್ಟಿ ಬರಲಿಲ್ಲ. ಬೆಳಕು ಯಾವುದು ನೆರಳು ಯಾವುದು ಎಂಬುದಷ್ಟೇ ಅವರಿಗೆ ಗೊತ್ತಾಗುತ್ತದೆ. ಹೂವಪ್ಪನವರ ಎಡಗಣ್ಣಿನಲ್ಲೂ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಇದೆ. ಹೇಗೂ ಒಂದು ಕಣ್ಣು ಮುಚ್ಚಿಕೊಳ್ಳುವ ಕೆಲಸ ಎಂದೇ ಅವರು ಫೋಟೋಗ್ರಾಫರ್ ಆಗಿದ್ದು ಎಂದು ನಾನು ಗಂಭೀರವಾಗಿ ವಿವರಿಸಿದೆ. ಡಾಕ್ಟರಮ್ಮ ನಗಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸ್ಕ್ಯಾನಿಂಗ್ ಎಂಬ ಮೆಷಿನ್ ಬಂದಿದೆ, ಹೊಟ್ಟೆಯೊಳಗಿನ ಮಗುವಿನ ಕಣ್ಣನ್ನೂ ಅದರಲ್ಲಿ ನೋಡುತ್ತಾರಂತೆ.

ಅತ್ತೆಗೆ ಇದು ಹಿಡಿಸಲಿಲ್ಲ. ಹುಟ್ಟದೇ ಇರುವ ಮಗುವಿನ ಕಣ್ಣು ನೋಡಿ ಎಂತ ಮಾಡುವುದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿತ್ತಲಿಗೆ ಹೋದರು. ಜಲಜತ್ತಿಗೆ ಮಾತ್ರ ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಮೂವರ ಬಸ್ ಚಾರ್ಜು ಯಾಕೆ ಎಂದರು ಹೂವಪ್ಪ. ಘಟ್ಟದ ಸೀನರಿ ನೋಡಲಿಕ್ಕೆ ಎಂದರು ಅತ್ತಿಗೆ. ಈ ಮನೆಯಲ್ಲಿ ನನ್ನ ಜಾತಿಗೆ ಸೇರಿದವರು ಅವರೊಬ್ಬರೇ.

೩೦ ಸೆಪ್ಟೆಂಬರ್

ಐತಿಹಾಸಿಕ ದಿನ. ಮಹಾಸ್ವಾಮಿಗಳ ಪ್ರಥಮ ದರ್ಶನ.

ಈ ಪರೀಕ್ಷೆಗೆ ಹೊಟ್ಟೆ ತುಂಬ ನೀರು ಕುಡಿದು, ಬಚ್ಚಲಿಗೆ ಹೋಗದೆ ತಡೆದುಕೊಂಡು ಬರಬೇಕು. ಮೂತ್ರಕೋಶ ತುಂಬಿದ್ದರೆ ಚಿತ್ರ ಚೆನ್ನಾಗಿ ಬೀಳುತ್ತದಂತೆ. ಅಲ್ಲಿಗೆ ಹೋದ ಮೇಲೆ ಕುಡಿದರೆ ಸಾಕಿತ್ತು. ನಾನು ವಿಧೇಯಳಾಗಿ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲೇ ಒಂದು ಚೊಂಬು ಮುಗಿಸಿದೆ. ಆಗುಂಬೆ ಘಟ್ಟದ ಒಂದೊಂದು ತಿರುವಿನ ಬಗ್ಗೆಯೂ ನಾನೀಗ ಪ್ರಬಂಧ ಬರೆಯಬಲ್ಲೆ. ಅತ್ತಿಗೆ ನನ್ನ ಕಿವಿಯಲ್ಲಿ ಜಲಪಾತಗಳ ವರ್ಣನೆ ಮಾಡುತ್ತಾ ಬಂದರು. ಸೇಡನ್ನು ಬಡ್ಡಿ ಸಮೇತ ತೀರಿಸಲಾಗುವುದು.

ಸ್ಕ್ಯಾನಿಂಗ್ ಡಾಕ್ಟರ ಹೆಸರು ವೇದಾವತಿ. ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆಯ ಮರಿಯಂಥದೊಂದನ್ನು ಆಡಿಸಿದರು. ಟೀವಿಯಂಥ ಪೆಟ್ಟಿಗೆಯಲ್ಲಿ ಬೂದಿ ಚೆಲ್ಲಿದಂತೆ ಏನೋ ಬಂತು. ಹೂವಪ್ಪನವರು ಫೋಕಸ್ ಸರಿಯಿಲ್ಲ ಎಂಬ ಮುಖ ಮಾಡಿಕೊಂಡು ನಿಂತಿದ್ದರು. ಅತ್ತಿಗೆ, ನನಗೆ ಕಾಣುವುದಿಲ್ಲ, ಎಲ್ಲ ಬಾಯಲ್ಲಿ ಹೇಳಬೇಕು ಎಂದು ಅಪ್ಪಣೆ ಮಾಡಿದರು. ಹಾಗಾಗಿ ಡಾಕ್ಟರಮ್ಮ ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುತ್ತಾ ಹೋದರು: ಇದು ತಲೆ, ಇದು ಕೆನ್ನೆ, ಇದು ಕಣ್ಣಿನ ಗೂಡು. ಗೂಡಿನೊಳಗೆ ಚಿಕ್ಕ ಮಗುವಿನ ಬಳೆಯಂಥದೊಂದು ಉಂಗುರ ಕಾಣಬೇಕು. ಅದೇ ಕಣ್ಣಿನ ಮಸೂರ. ಬಳೆಯೊಳಗೆ ಕಪ್ಪಗಿದ್ದರೆ ತಿಳಿಯಾಗಿದೆ ಎಂದರ್ಥ. ಬೆಳ್ಳಗಿದ್ದರೆ ಪೊರೆ.

ಮಹಾಸ್ವಾಮಿಗಳು ನನ್ನ ಬೆನ್ನಿನ ಕಡೆ ಮುಖ ಮಾಡಿ ಮಲಗಿದ್ದರು. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಕೆಮ್ಮಿದೆ. ಕೊನೆಗೆ ಒಂದು ಗಳಿಗೆ ತಿರುಗಿದರು, ಮತ್ತೆ ಬೆನ್ನು ಹಾಕಿದರು. ಈಗಲೇ ಏನೂ ಹೇಳುವುದಿಲ್ಲ, ಏಳು ತಿಂಗಳಿಗೆ ಬಂದರೆ ಸ್ಪಷ್ಟವಾಗುತ್ತದೆ ಎಂದರು ಡಾಕ್ಟರಮ್ಮ. ಆ ಒಂದು ಗಳಿಗೆಯ ಫೋಟೋವನ್ನು ನಾನು ಗೋಗರೆದು ಇಸಿದುಕೊಂಡೆ. ಸ್ಟುಡಿಯೋ ಮನೆಯವರು ಬರಿಗೈಯಲ್ಲಿ ಹೋಗಬಾರದು.

ಮೊದಲೇ ಗೊತ್ತಾದರೆ ಏನು ಲಾಭ ಎಂದು ಅತ್ತಿಗೆ ಕೇಳಿದರು. ಡಾಕ್ಟರಮ್ಮ ಹೇಳಿದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಕಣ್ಣಿನಿಂದ ಮಿದುಳಿಗೆ ಒಂದು ದಾರಿ ಇದೆ. ಹೊಟ್ಟೆಯಲ್ಲಿರುವಾಗ ಅದಕ್ಕೆ ಗುರುತು ಮಾತ್ರ ಹಾಕಿರುತ್ತದೆ. ಹುಟ್ಟಿದ ಮೇಲೆ ಬೆಳಕು, ಬಣ್ಣ, ಮುಖ ಎಲ್ಲ ಅದರ ಮೇಲೆ ಓಡಾಡಿ ಓಡಾಡಿ ಅದು ದಾರಿಯಾಗುತ್ತದೆ. ಮೊದಲ ವಾರಗಳಲ್ಲಿ ಯಾರೂ ಓಡಾಡದಿದ್ದರೆ ಮುಚ್ಚಿಹೋಗುತ್ತದೆ. ಆಮೇಲೆ ಪೊರೆ ತೆಗೆದರೂ ಪ್ರಯೋಜನವಿಲ್ಲ.

"ಎಷ್ಟು ತಡ ಆದ್ರೆ ತಡ?" ಎಂದರು ಅತ್ತಿಗೆ.

"ಎರಡು ತಿಂಗಳು, ಮೂರು ತಿಂಗಳು. ಅದಕ್ಕಿಂತ ಮೊದಲೇ ಆದರೆ ಒಳ್ಳೆಯದು."

ವಾಪಸು ಬರುವಾಗ ಅತ್ತಿಗೆ ಜಲಪಾತದ ಸುದ್ದಿ ಎತ್ತಲಿಲ್ಲ. ಆಗುಂಬೆ ದಾಟಿದ ಮೇಲೆ, "ಅವ್ವಂಗೆ ಈ ದಾರಿ ಕಥೆ ಹೇಳ್ಬೇಡಿ," ಎಂದರು. ಯಾಕೆ ಎಂದೆ. ಹೇಳ್ಬೇಡ ಅಂದ್ರೆ ಹೇಳ್ಬೇಡ ಎಂದರು.

೧ ಅಕ್ಟೋಬರ್

ಫೋಟೋವನ್ನು ಸ್ಟುಡಿಯೋ ಮೇಜಿನ ಮೇಲಿಟ್ಟು ದೀಪ ಹಾಕಿ ವಿಚಾರಣೆ ನಡೆಸಲಾಯಿತು. ಗೂಡು ಇದೆ. ಬಳೆ ಇದೆ. ಬಳೆಯೊಳಗೆ ಹಾಲು ಚೆಲ್ಲಿದಂತೆ ಬೆಳ್ಳಗಿದೆ.

ಹೂವಪ್ಪನವರು ಭೂತಗನ್ನಡಿ ಕೆಳಗಿಟ್ಟು, ಇದು ನೆಗೆಟಿವ್ ಎಂದರು. ಹದಿನೈದು ವರ್ಷದಿಂದ ನೆಗೆಟಿವ್ ನೋಡುತ್ತಿರುವವರು. ನೆಗೆಟಿವ್‌ನಲ್ಲಿ ಬಿಳಿ ಅಂಗಿ ಕಪ್ಪು, ಕಪ್ಪು ಕೂದಲು ಬಿಳಿ. ಹಾಗಾಗಿ ಇಲ್ಲಿ ಬಿಳಿ ಕಂಡಿದ್ದು ನಿಜದಲ್ಲಿ ಕಪ್ಪು, ಎಂದರೆ ತಿಳಿ. ಅತ್ತೆ ಉಸಿರು ಬಿಟ್ಟು ಎಲೆಯಡಿಕೆ ಹಾಕಿಕೊಂಡರು. ಪಕ್ಕದ ಮನೆಯ ಶೇಷಮ್ಮನಿಗೂ ಸುದ್ದಿ ಹೋಯಿತು. ಸಂಜೆ ಪಾಯಸ.

ನಾನೂ ಫೋಟೋ ನೋಡಿದೆ. ಡಾಕ್ಟರಮ್ಮ ಮೆಷಿನ್ನಿನಲ್ಲಿ ತೋರಿಸಿದ ಹಾಗೆಯೇ ಇದೆ, ತಿರುಗುಮುರುಗಾಗಿಲ್ಲ. ಆದರೆ ಸ್ಟುಡಿಯೋ ಯಾರದು? ಅವರದು. ನಾನು ಬರೀ ನೆಗೆಟಿವ್‌ಗೆ ಪೆನ್ಸಿಲ್ಲಿನಲ್ಲಿ ಮೊಡವೆ ಅಳಿಸಿಕೊಡುವವಳು. ಪಾಯಸಕ್ಕೆ ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.

೧೯ ಅಕ್ಟೋಬರ್

ಪಾಸ್‌ಪೋರ್ಟ್ ಫೋಟೋಗೆ ಬಂದ ಒಬ್ಬ ಗಿರಾಕಿಗೆ, ಹೊಸ ಸರ್ಕಾರಿ ನಿಯಮದಂತೆ ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ಫೋಟೋದಲ್ಲಿ ಹೊಟ್ಟೆ ಬರುತ್ತದೆ ಎಂದು ಹೇಳಿದೆ. ಪಾಪ, ಕೆಂಪಾಗುವವರೆಗೆ ಹಿಡಿದುಕೊಂಡ. ಪಾಸ್‌ಪೋರ್ಟ್ ಫೋಟೋದಲ್ಲಿ ಹೊಟ್ಟೆ ಎಲ್ಲಿಂದ ಬರಬೇಕು. ಒಳಗೆ ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಹೂವಪ್ಪನವರು ನನ್ನನ್ನು ಒಂದು ವಾರ ಸ್ಟುಡಿಯೋದಿಂದ ಗಡೀಪಾರು ಮಾಡಿದ್ದಾರೆ.

೫ ನವೆಂಬರ್

ತಾಯಿಯಿಲ್ಲದ ನನಗೆ ಇಲ್ಲೇ ಬಾಣಂತನ. ಅತ್ತೆ ಈಗಿನಿಂದಲೇ ಒಳಕೋಣೆಯ ಕಿಟಕಿಗೆ ಗೋಣಿಚೀಲ ಅಳತೆ ಮಾಡುತ್ತಿದ್ದಾರೆ. ಮೂರು ತಿಂಗಳು ಬಾಣಂತಿ, ಮಗು ಇಬ್ಬರೂ ಕತ್ತಲಲ್ಲಿರಬೇಕು. ಗಾಳಿ ಸೋಕಬಾರದು, ಬಿಸಿಲು ಬೀಳಬಾರದು, ಕಂಡವರ ಕಣ್ಣು ತಾಗಬಾರದು. ಈ ಮನೆಯಲ್ಲಿ ಇನ್ನು ಎರಡು ಡಾರ್ಕ್‌ರೂಮು. ಒಂದರಲ್ಲಿ ಫೋಟೋ ತೊಳೆಯುತ್ತಾರೆ, ಇನ್ನೊಂದರಲ್ಲಿ ಸೊಸೆಯನ್ನು.

ಜಲಜತ್ತಿಗೆ ಹುಟ್ಟಿದಾಗ ಮೂರು ತಿಂಗಳು ಒಂದು ಎಳೆ ಬಿಸಿಲನ್ನೂ ಒಳಗೆ ಬಿಟ್ಟಿರಲಿಲ್ಲ ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು. ನಾಲ್ಕನೆಯ ತಿಂಗಳು ಹೊರಗೆ ತಂದ ದಿನವೇ ಕಣ್ಣು ಬೆಳ್ಳಗಿರುವುದು ಕಂಡಿದ್ದಂತೆ. ಅತ್ತಿಗೆ ಅಲ್ಲೇ ಕೂತು ಹುರುಳಿ ಆರಿಸುತ್ತಿದ್ದರು.

ನಾನು ಗೋಣಿಗೆ ಕಸೂತಿ ಹಾಕಿಕೊಡಲೇ ಎಂದು ಕೇಳಿ ಬೈಸಿಕೊಂಡೆ.

೧೨ ನವೆಂಬರ್

ಹೂವಪ್ಪನವರು ಕೋಣಂದೂರಿಗೆ ಮದುವೆ ಫೋಟೋ ತೆಗೆಯಲು ಹೋಗಿದ್ದರು. ಸ್ಟುಡಿಯೋದ ದೊಡ್ಡ ಫ್ಲ್ಯಾಶ್ ಮನೆಯಲ್ಲೇ ಇತ್ತು. ಈ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿಗೆ ಹೊರಗಿನ ಜೋರು ಬೆಳಕು ಗೊತ್ತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಆದ್ದರಿಂದ ಮಹಾಸ್ವಾಮಿಗಳ ಅಧಿಕೃತ ಭಾವಚಿತ್ರ ತೆಗೆಯುವ ಸಮಾರಂಭ ಏರ್ಪಟ್ಟಿತು. ಬಾಗಿಲು ಹಾಕಿ, ಸೆರಗು ಸರಿಸಿ, ಹೊಟ್ಟೆಯ ಹತ್ತಿರ ಹಿಡಿದು ಹೊಡೆದೆ. ಒದ್ದರು. ಮತ್ತೆ ಹೊಡೆದೆ. ಮತ್ತೆ ಒದ್ದರು. ಸಾಕು. ಸಭೆ ಮುಕ್ತಾಯವಾಯಿತು.

೧೩ ನವೆಂಬರ್

ಮತ್ತೆ ನೋಡಿದೆ. ಒದೆಯಲಿಲ್ಲ. ನಿದ್ರೆ ಇರಬೇಕು.

೧೪ ನವೆಂಬರ್

ಒದೆಯಿತು, ಆದರೆ ಫ್ಲ್ಯಾಶ್ ಹೊಡೆಯುವ ಮೊದಲೇ. ಅದು ಲೆಕ್ಕಕ್ಕಿಲ್ಲ.

೧೭ ನವೆಂಬರ್

ಅತ್ತಿಗೆ ಹಿಡಿದುಬಿಟ್ಟರು. ಫ್ಲ್ಯಾಶ್ ಚಾರ್ಜ್ ಆಗುವಾಗ ಸೊಳ್ಳೆಯ ಹಾಗೆ ಕುಂಯ್ ಎನ್ನುತ್ತದೆ, ಅದು ಅವರಿಗೆ ಕೇಳಿಸಿದೆ. ಬಾಗಿಲು ತೆರೆಸಿ ಒಳಗೆ ಬಂದು ಮಂಚದ ಮೇಲೆ ಕೂತರು. ಹೊಡಿ, ನಾನೂ ಇರ್ತೀನಿ ಎಂದರು. ನಾನು ಹೊಡೆದೆ.

"ಈಗ ಬಿತ್ತು," ಎಂದರು.

ಒದೆಯಿತು. ಅವರ ಕೈ ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟೆ. ಇನ್ನೊಂದು ಸಲ ಹೊಡೆದೆ. ಅವರು ಮುಖವನ್ನು ಆ ಕಡೆಗೆ ತಿರುಗಿಸಿ, ಈಗ ಬಿತ್ತು ಎಂದರು. ಅದೇ ಹೊತ್ತಿಗೆ ಮಗುವೂ ಒದೆಯಿತು. ನೋಡಿ ಅತ್ತಿಗೆ, ಕಣ್ಣು ಸರಿಯಿದೆ, ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಆಸ್ಪತ್ರೆಯಲ್ಲಿದೆ ಎಂದೆ.

"ನಂಗೂ ಗೊತ್ತಾಯ್ತಲ್ಲ ಮಾರಾಯ್ತಿ," ಎಂದರು ಅತ್ತಿಗೆ. "ಬೆಳಕು ಬಿದ್ದಿದ್ದು ಗೊತ್ತಾದ್ರೆ ಕಣ್ಣು ಕಾಣ್ತದೆ ಅಂತಲ್ಲ."

ಫ್ಲ್ಯಾಶನ್ನು ಪೆಟ್ಟಿಗೆಗೆ ಹಾಕಿಟ್ಟೆ. ಇನ್ನು ತೆಗೆಯುವುದಿಲ್ಲ. ಆಮೇಲೆ ಅತ್ತಿಗೆಗೆ, ಆ ಫೋಟೋ ನೆಗೆಟಿವ್ ಅಲ್ಲ ಎಂದು ಹೇಳಿದೆ. ನಿಂಗೆ ಅವತ್ತೇ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ಬೈಯಲಿಲ್ಲ. ಎರಡನೆಯ ಸಲಕ್ಕೆ ಯಾವತ್ತು ಹೋಗುವುದು ಎಂದು ಮಾತ್ರ ಕೇಳಿದರು.

೨೭ ನವೆಂಬರ್

ಹೋಗಿ ಬಂದೆವು. ಮೂವರೂ.

ಮಗು ಈ ಸಲ ನಮ್ಮ ಕಡೆಗೇ ಮುಖ ಮಾಡಿತ್ತು. ಎರಡು ಕಣ್ಣೂ ಕಂಡವು. ಗೂಡು ಅಳತೆಗೆ ಸರಿಯಾಗಿದೆ. ಕಣ್ಣು ಒಳಗೆ ಆಚೆ ಈಚೆ ಹೊರಳುವುದೂ ಕಂಡಿತು; ಅದು ಒಳ್ಳೆಯ ಲಕ್ಷಣ ಎಂದರು. ಬಲಗಣ್ಣಿನ ಬಳೆಯೊಳಗೆ ಪೂರ್ತಿ ಬಿಳಿ. ಎಡಗಣ್ಣಿನಲ್ಲಿ ನಡುವೆ ಬಿಳಿ. ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ನೆಗೆಟಿವ್ ಇರಬಹುದಲ್ಲವೇ ಎಂದು ಹೂವಪ್ಪನವರು ಮೆತ್ತಗೆ ಕೇಳಿದರು. ಅಲ್ಲ ಎಂದರು ಡಾಕ್ಟರಮ್ಮ. ಹೂವಪ್ಪನವರು ಟೀ ಕುಡಿದು ಬರುತ್ತೇನೆಂದು ಹೋಗಿ ಬಹಳ ಹೊತ್ತು ಬರಲಿಲ್ಲ.

ಇಲ್ಲೇ ಹೆರಿಗೆ ಆಗಲಿ, ಹುಟ್ಟಿದ ಮೂರು ವಾರದೊಳಗೆ ಒಂದು ಕಣ್ಣಿನ ಪೊರೆ ತೆಗೆಯೋಣ, ಆಮೇಲೆ ಇನ್ನೊಂದು, ಬಳಿಕ ಕನ್ನಡಕ; ಖಂಡಿತ ಎಂದು ಹೇಳಲಾರೆ, ಆದರೆ ಇದೊಂದೇ ದಾರಿ ಎಂದರು ಡಾಕ್ಟರಮ್ಮ. ಊರಿನ ಕತ್ತಲೆ ಕೋಣೆಗೆ ಮಾತ್ರ ಕರೆದುಕೊಂಡು ಹೋಗಬೇಡಿ ಎಂದೂ ಹೇಳಿದರು.

ಹೊಟ್ಟೆಯ ಅಂಟು ಒರೆಸಿಕೊಳ್ಳಲು ಒಂದು ಬಟ್ಟೆ ಕೊಟ್ಟಿದ್ದರು. ಚಿಕ್ಕದಿತ್ತು.

೨೯ ನವೆಂಬರ್

ಅತ್ತೆ ಒಪ್ಪಲಿಲ್ಲ. ಹಸಿ ಬಾಣಂತಿ ಘಟ್ಟದ ಕೆಳಗೆ ಇರುವುದು, ಎಳೆ ಮಗುವಿನ ಕಣ್ಣಿಗೆ ಕತ್ತಿ ಹಾಕುವುದು, ನಾನು ಬದುಕಿರುವಾಗ ಆಗದ ಮಾತು ಎಂದರು. ಮೂರು ತಿಂಗಳು ಕಳೆಯಲಿ, ಆಮೇಲೆ ಬೇಕಾದಲ್ಲಿಗೆ ಹೋಗಿ ಎಂದರು. ಮೂರು ತಿಂಗಳು ಕಾಯಬಾರದು ಎನ್ನುವುದೇ ವಿಷಯ ಎಂದು ಹೂವಪ್ಪನವರು ಹೇಳಹೊರಟರು. ಅತ್ತಿಗೆ ಅವರ ತೋಳು ಹಿಡಿದು ನಿಲ್ಲಿಸಿದರು.

ರಾತ್ರಿ ಊಟಕ್ಕೆ ಅತ್ತೆ ಏಳಲಿಲ್ಲ.

೧೧ ಡಿಸೆಂಬರ್

ಬರೆಯುವಂಥದ್ದೇನೂ ನಡೆಯುತ್ತಿಲ್ಲ. ಗೋಣಿ ಕಟ್ಟಿಯಾಗಿದೆ. ಹೂವಪ್ಪನವರು ಅವ್ವನ ಮುಂದೆ ಬಾಯಿ ಬಿಡುತ್ತಾರೆ, ಮುಚ್ಚುತ್ತಾರೆ. ಇವತ್ತು ನಾನೇ ಅತ್ತೆಯ ಕಾಲು ಹಿಡಿದುಕೊಂಡು ಕೇಳಿದೆ. ಏಳು, ಬಸುರಿ ಬಗ್ಗಬಾರದು ಎಂದರು, ಅಷ್ಟೇ. ನನಗೆ ತಮಾಷೆಯ ಮಾತೇನೂ ಹೊಳೆಯಲಿಲ್ಲ.

೧೮ ಡಿಸೆಂಬರ್

ಮಧ್ಯಾಹ್ನ ಅತ್ತೆ ಹಿಂದಿನ ಜಗುಲಿಯಲ್ಲಿ ಬಾಣಂತಿ ಮದ್ದಿಗೆ ಶುಂಠಿ, ಮೆಣಸು ಕುಟ್ಟುತ್ತಿದ್ದರು. ನಾನು ಮೊರದಲ್ಲಿ ಓಮ ಆರಿಸುತ್ತಿದ್ದೆ. ಅತ್ತಿಗೆ ಗೋಡೆ ಹಿಡಿದು ಬಂದು ಅತ್ತೆಯ ಎದುರಿಗೇ ಕೂತರು.

"ಅವ್ವ, ಪೊರೆ ಇರೋ ಮಗೂನ ಕತ್ಲೇಲಿ ಇಟ್ಕಂಡು ಕೂತ್ರೆ, ಆಮೇಲೆ ಎಂತ ಮಾಡಿದ್ರೂ ಕಣ್ಣು ಬರಲ್ವಂತೆ. ಮೊದ್ಲ ತಿಂಗ್ಳಲ್ಲೇ ತೆಗೀಬೇಕಂತೆ."

ಕುಟ್ಟುವ ಸದ್ದು ನಿಂತಿತು. "ಯಾರು ಹೇಳಿದ್ದು?"

"ಡಾಕ್ಟರಮ್ಮ. ಮೊದ್ಲ ಸಲ ಹೋದಾಗ್ಲೇ."

"ನಿಂಗೆ ಅವತ್ತಿಂದ ಗೊತ್ತಿತ್ತು."

"ಗೊತ್ತಿತ್ತು."

ಅತ್ತೆ ಒನಕೆಯನ್ನು ಗೋಡೆಗೆ ಒರಗಿಸಿದರು. ಅದು ಜಾರಿತು. ಮತ್ತೆ ಒರಗಿಸಿದರು. "ಹಾಗಾರೆ ನಿನ್ನ ಕಣ್ಣು ನಾನೇ ಕಳ್ದಂಗಾಯ್ತು."

ನಾನು ಮೊರ ಬಿಟ್ಟು ಎದ್ದು ಹೋಗಬೇಕೆಂದಿದ್ದೆ. ಏಳಲು ಆಗಲಿಲ್ಲ.

ಅತ್ತಿಗೆ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. "ಅವತ್ತು ಬೇಗ ತೆಗ್ಯೋ ಡಾಕ್ಟ್ರು ಇದ್ರೋ ಇಲ್ವೋ, ಅದು ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ," ಎಂದರು. "ನಂಗೆ ಸಿಟ್ಟಿಲ್ಲ ಅವ್ವ. ಈಗ ಗೊತ್ತಿದ್ದೂ ಆ ಗೋಣಿ ಕಟ್ಟೇ ಇಟ್ರೆ ಮಾತ್ರ ಬರ್ತದೆ."

ಅತ್ತೆ ಒನಕೆ ತೆಗೆದುಕೊಂಡು ಮತ್ತೆ ಕುಟ್ಟತೊಡಗಿದರು. ಕುಟ್ಟಿದ ಶುಂಠಿಯನ್ನೇ ಕುಟ್ಟುತ್ತಾ ಹೋದರು. ಗಾಳಿಗೆ ಹಾರುವಷ್ಟು ನುಣ್ಣಗಾಯಿತು.

ಸಂಜೆ ಸ್ಟುಡಿಯೋ ಬಾಗಿಲು ಹಾಕಿ ಬಂದ ಹೂವಪ್ಪನವರನ್ನು ನಿಲ್ಲಿಸಿ ಕೇಳಿದರು: "ಅಲ್ಲಿ ಅರೆಯೋ ಕಲ್ಲು ಸಿಗ್ತದಾ, ಇಲ್ಲಿಂದ್ಲೇ ಹೊರ್ಬೇಕಾ?"

ಹೂವಪ್ಪನವರಿಗೆ ಅರ್ಥವಾಗಲಿಲ್ಲ. ಎಲ್ಲಿ ಎಂದರು.

"ಘಟ್ಟದ ಕೆಳ್ಗೆ. ಬಾಣಂತಿ ಮದ್ದು ಅಲ್ಲಿ ನಿಮ್ಮ ಡಾಕ್ಟ್ರಮ್ಮ ಅರೀತಾಳಾ?"

೬ ಫೆಬ್ರವರಿ ೧೯೮೭

ಮೂರನೆಯ ತಾರೀಕು ಹೆಣ್ಣುಮಗು. ಎರಡೂಮುಕ್ಕಾಲು ಕೆಜಿ. ಹೆರಿಗೆ ಕಷ್ಟವಿಲ್ಲದೆ ಆಯಿತು. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ವೇದಾವತಿ ಡಾಕ್ಟರು ಹೇಳಿದ ಹಾಗೆಯೇ ಇದೆ. ಬಲಗಣ್ಣು ಮೊದಲು.

ಆಸ್ಪತ್ರೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ಕಿಟಕಿ ದೊಡ್ಡದು, ಪರದೆಯಿಲ್ಲ. ಅತ್ತೆ ಮೊದಲ ದಿನ ಕಿಟಕಿಗೆ ಬೆನ್ನು ಕೊಟ್ಟು ಕೂತರು. ಈಗ ಅಲ್ಲೇ ಕೂತು ಎಣ್ಣೆ ಕಾಯಿಸುತ್ತಾರೆ. ಕರಾವಳಿಯ ಸೆಕೆಯನ್ನು ಬೈಯುತ್ತಾರೆ. ಅರೆಯುವ ಕಲ್ಲನ್ನು ಹೂವಪ್ಪನವರು ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಕಂಡಕ್ಟರ್ ಅದಕ್ಕೂ ಲಗೇಜು ಹಾಕಿದನಂತೆ.

೨೪ ಫೆಬ್ರವರಿ

ನಿನ್ನೆ ಬಲಗಣ್ಣು ಆಯಿತು. ಮಗುವನ್ನು ಒಳಗೆ ಕರೆದುಕೊಂಡು ಹೋದವರು ಹೊರಗೆ ಬರುವ ತನಕ ಅತ್ತೆ ಬಾಗಿಲ ಮುಂದೆ ನಿಂತೇ ಇದ್ದರು. ಕೂರಲು ಹೇಳಿದ ನರ್ಸಿಗೆ ತುಳುವಿನಲ್ಲಿ ಏನೋ ಅಂದರು. ತುಳು ಎಲ್ಲಿ ಕಲಿತರೋ.

ಮಗು ಅಳುವಾಗ ಕಣ್ಣಿನ ಪಟ್ಟಿಯ ಕೆಳಗೆ ಒದ್ದೆಯಾಗುತ್ತದೆ. ಅದಕ್ಕೆ ಅಳಿಸಬಾರದಂತೆ. ನಾನೂ ಅತ್ತೆಯೂ ಸರದಿ ಮೇಲೆ ಎತ್ತಿಕೊಂಡು ತಿರುಗುತ್ತೇವೆ.

೧೪ ಮಾರ್ಚ್

ಎರಡನೆಯದೂ ಆಯಿತು. ಕನ್ನಡಕ ಬಂತು. ದಪ್ಪ ಗಾಜು, ಕಿವಿಗೆ ಸಿಗುವುದಿಲ್ಲವೆಂದು ಹಿಂದೆ ಲಾಡಿ. ಮಗುವಿನ ಕಣ್ಣು ಅದರೊಳಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಗುವಿಗೆ ಕಾಣುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ, ಮನೆಗೆ ಹೋಗಿ, ಎದ್ದಿರುವಷ್ಟು ಹೊತ್ತೂ ಮುಖ ತೋರಿಸಿ, ಬೆಳಕಿನಲ್ಲಿಡಿ ಎಂದರು ಡಾಕ್ಟರು.

೫ ಏಪ್ರಿಲ್, ತೀರ್ಥಹಳ್ಳಿ

ಬಂದು ಮೂರು ವಾರವಾಯಿತು. ಬೆಳಗ್ಗೆ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮುಂದಿನ ಅಂಗಳದಲ್ಲೇ ಕೂರುತ್ತಾರೆ, ರಸ್ತೆಗೆ ಕಾಣುವ ಹಾಗೆ. ಇವತ್ತು ಶೇಷಮ್ಮ ಬೇಲಿಯಾಚೆಯಿಂದ, ಮೂರು ತಿಂಗಳಾಗದ ಕೂಸನ್ನು ಬಿಸಿಲಿಗೆ ಹಾಕಿಕೊಂಡು ಕೂತಿದೀಯಲ್ಲ ದುಗ್ಗಮ್ಮ, ಎಲ್ಲರ ಕಣ್ಣು ಬೀಳ್ತದೆ ಎಂದರು. ಬೀಳಲಿ, ಇದರ ಕಣ್ಣೂ ಅವರ ಮೇಲೆ ಬೀಳಬೇಕಲ್ಲ ಎಂದರು ಅತ್ತೆ.

ನಾನು ಬಟ್ಟೆ ಒಣಹಾಕುತ್ತಿದ್ದೆ. ಅತ್ತೆಯ ಮಾತು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದರೆ ಅವರು ಮಗುವಿನ ಮೇಲೆ ಬಾಗಿ, ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡಿಸುತ್ತಿದ್ದರು. ನಾನು ಹತ್ತಿರ ಹೋದೆ. ಶೇಷಮ್ಮ ಬೇಲಿ ಹಿಡಿದು ನಿಂತಲ್ಲೇ ನಿಂತರು.

ಹೊಸ್ತಿಲಲ್ಲಿ ಕೂತಿದ್ದ ಜಲಜತ್ತಿಗೆ, ಯಾಕೆ ಎಲ್ಲರೂ ಸುಮ್ಮನಾದಿರಿ ಎಂದರು. ಅತ್ತೆ ತಲೆ ಆಡಿಸುತ್ತಿದ್ದಾರೆ ಎಂದೆ.

"ಎಂತ ಬೇಡ ಅಂತಿದಾಳೆ?"

"ಬೇಡ ಅಂತಲ್ಲ ಅತ್ತಿಗೆ. ಮಗು ಅತ್ತೆ ಮೂಗುಬಟ್ಟು ನೋಡ್ತಿದೆ. ಅವ್ರು ಆಚೆ ತಿರುಗಿದ್ರೆ ಇದೂ ಆಚೆ ತಿರುಗ್ತದೆ. ಈಚೆ ಬಂದ್ರೆ ಈಚೆ."

ಅತ್ತೆ ಕತ್ತು ನೋವೆಂದು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ನಿಲ್ಲಿಸ್ಬೇಡ ಅವ್ವ," ಎಂದರು ಅತ್ತಿಗೆ. "ಇನ್ನೊಂದಿಷ್ಟು ಆಡ್ಸು."

ಅತ್ತೆ ಮತ್ತೆ ಬಾಗಿದರು.